ಹಿಂದಿನ ಸೊಲ್ಲು

ಅವ್ವ ಶೇಂಗಾ ಬಿಡಿಸುತ್ತ ಒಬ್ಬಳೇ ಹಾಡಿಕೊಳ್ಳುತ್ತಿದ್ದಳು. ಒಂದು ಸೊಲ್ಲು ಹಾಡಿ ನಿಲ್ಲಿಸುವಳು. ಆಗ ಕಾಯಿ ಒಡೆಯುವ ಸದ್ದಷ್ಟೇ. ಆಮೇಲೆ ಇನ್ನೊಂದು ಸೊಲ್ಲು. ಹಾಡೆಂದರೆ ಹೀಗೆ ನಡುನಡುವೆ ಖಾಲಿ ಇರುತ್ತದೆಂದೇ ನಾನು ತಿಳಿದಿದ್ದೆ. ಮದುವೆಮನೆಗಳಲ್ಲಿ ಸೋಬಾನೆಗೆ ಕೂತಾಗ ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಸೊಲ್ಲು ಎತ್ತುತ್ತಿದ್ದಳು. ಅವ್ವ ಅದನ್ನೇ ಹಿಂದಿನಿಂದ ತಿರುಗಿ ಹೇಳುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಇದ್ದಾಗಲೂ ತನ್ನ ಪಾಲಿನದನ್ನು ಮಾತ್ರ ಹಾಡಿ ಅಕ್ಕನ ಪಾಲಿಗೆ ಜಾಗ ಬಿಡುತ್ತಿದ್ದಳೆಂದು ಬಹಳ ವರ್ಷಗಳ ನಂತರ ಹೊಳೆಯಿತು.

ಹೊಳೆಯಿತೋ, ನಾನೇ ಕಟ್ಟಿಕೊಂಡೆನೋ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ನನಗೆ ಉಳಿದಿರುವುದು ಅನುಮಾನವೊಂದೇ. ಅವ್ವ ತೀರಿಕೊಂಡಿದ್ದಾಳೆ. ಅವಳ ದನಿಯನ್ನು ಯಾರೂ ರೆಕಾರ್ಡ್ ಮಾಡಿಕೊಳ್ಳಲಿಲ್ಲ. ನನ್ನಲ್ಲಿರುವುದು ಇದಿಷ್ಟೇ, ಇದೂ ಸುಳ್ಳಾದರೆ ಏನೂ ಇಲ್ಲ. ಕೇಳಬಹುದಾದವಳು ದೊಡ್ಡವ್ವ ಒಬ್ಬಳೇ.

ನಮ್ಮ ಸೀಮೆಯ ಹುಡುಗರದೇ ಬ್ಯಾಂಡೊಂದು ಗಿಟಾರ್, ಡ್ರಮ್ಸ್ ಇಟ್ಟುಕೊಂಡು ಚಳ್ಳಕೆರೆಯಲ್ಲಿ ಜನಪದ ಹಾಡುತ್ತದೆಂದು ತಿಳಿದಾಗ ಅವಳನ್ನು ಮೊಳಕಾಲ್ಮೂರಿನ ಹತ್ತಿರದ ದೇವಸಮುದ್ರದಿಂದ ಬಸ್ಸಿನಲ್ಲಿ ಕರೆತಂದೆ. ಹಾಡು ಕೇಳಿದರೆ ಹಳೆಯದು ನೆನಪಾದೀತೆಂಬ ಆಸೆ. ಸಂಜೆ ಮೈದಾನದಲ್ಲಿ ಅರ್ಧ ಕುರ್ಚಿಗಳು ಖಾಲಿ. ವೇದಿಕೆಯ ಪಕ್ಕದಲ್ಲಿ ತಮಟೆಯವರು ಕಾಗದ ಉರಿಸಿ ಚರ್ಮ ಕಾಯಿಸುತ್ತಿದ್ದರು.

"ಯಾರ ಮದ್ವೆನೋ ಇದು? ಅರಿಶಿಣನೂ ಇಲ್ಲ, ಅಳೋರೂ ಇಲ್ಲ" ಎಂದಳು ದೊಡ್ಡವ್ವ.

ಅವಳು ನಗುತ್ತಿರುವಾಗಲೇ ಕೇಳಿಬಿಟ್ಟೆ. ಅವ್ವ ಒಬ್ಬಳೇ ಇದ್ದಾಗ ಹಿಂದಿನ ಸೊಲ್ಲು ಮಾತ್ರ ಹಾಡುತ್ತಿದ್ದಳಲ್ಲವೇ ಎಂದೆ.

"ಅದೆಂಗಾಗ್ತೈತಪ್ಪ? ಮುಂದೆ ಹೇಳೋರಿಲ್ದೆ ಹಿಂದೆ ಹೇಳೋಕೆ ಏನೈತೆ?" ಎಂದಳು. ಮತ್ತೆ, "ಅವಳು ಒಬ್ಳೇ ಇದ್ಲು ಅಂತೀಯ. ಅಲ್ಲಿ ನಾನೆಲ್ಲಿಂದ ಬರ್ಲಿ?" ಎಂದಳು.

ಅಷ್ಟರಲ್ಲಿ ವೇದಿಕೆಯ ಮೇಲೆ ಹಾಡು ಶುರುವಾಯಿತು.

ನಾಲ್ಕೈದು ಹಾಡುಗಳಾದ ಮೇಲೆ ಅವ್ವ ಹಾಡಿಕೊಳ್ಳುತ್ತಿದ್ದ ಅರಿಶಿಣ ಕುಟ್ಟುವ ಹಾಡೇ ಬಂತು. ಹಾಡುವ ಹುಡುಗಿ ಒಂದು ಸೊಲ್ಲು ಎತ್ತಿದರೆ ಗಿಟಾರ್ ಅದನ್ನೇ ತಿರುಗಿ ನುಡಿಸುತ್ತಿತ್ತು, ಕೊನೆಯನ್ನು ಕೊಂಚ ಎಳೆದು. ದೊಡ್ಡವ್ವ ಹುಡುಗಿಯ ಜೊತೆ ತುಟಿಯಲ್ಲೇ ಹಾಡಿಕೊಳ್ಳುತ್ತಿದ್ದಳು; ಗಿಟಾರಿನ ಸರದಿ ಬಂದಾಗ ಬಾಯಿ ಮುಚ್ಚಿ ಕಾಯುತ್ತಿದ್ದಳು. ಜನ ಸಿಳ್ಳೆ ಹಾಕಿದರು. ಅವ್ವನ ಜಾಗದಲ್ಲಿ ಗಿಟಾರ್ ಕೂತಿತ್ತು. ಚೆನ್ನಾಗಿಯೇ ನುಡಿಯುತ್ತಿತ್ತು.

ಅವ್ವನ ದನಿ ಅಳಿಸಿಹೋದೀತೆಂದು ಹೆದರಿಕೆಯಾಯಿತು. ಮುಗಿಯುವ ಮೊದಲೇ ಅವಳನ್ನು ಎಬ್ಬಿಸಿಕೊಂಡು ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಕೂತು, ಆ ಹಾಡನ್ನು ನೀನೊಮ್ಮೆ ವಾದ್ಯವಿಲ್ಲದೆ ಹೇಳು ಎಂದು ಬೇಡಿಕೊಂಡೆ. ಅವಳು ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ಮೊದಲ ಸೊಲ್ಲು ಎತ್ತಿ ನಿಲ್ಲಿಸಿದಳು.

"ತಗೋ" ಎಂದಳು.

ಹಿಂದಿನವರು ತಿರುಗಿ ಹೇಳದೆ ಮುಂದಿನ ಸೊಲ್ಲು ಎತ್ತುವ ರೂಢಿ ಸೋಬಾನೆಯವರಲ್ಲಿಲ್ಲ. ಅವ್ವನ ದನಿಗಾಗಿ ತಡಕಾಡಿದೆ. ಬಂದದ್ದು ಕೊನೆ ಎಳೆದ ತಂತಿಯ ಸದ್ದು. ಶೇಂಗಾ ರಾಶಿ, ಮೊರ, ಅವಳ ಬೆರಳು, ಕಾಯಿ ಒಡೆಯುವ ಸದ್ದು, ಎಲ್ಲವನ್ನೂ ಮೊದಲಿನಿಂದ ನೆನೆಸಿಕೊಂಡು ಬಂದೆ. ಅವ್ವ ಬಾಯಿ ತೆರೆದಳು, ಗಿಟಾರ್ ಕೇಳಿಸಿತು.

"ಬರಲ್ವಾ ನಿಂಗೆ?"

"ಬರ್ತಿತ್ತು" ಎಂದೆ.

ಇನ್ನೊಂದಿಷ್ಟು ಹೊತ್ತು ಕಾದಳು. ಆಮೇಲೆ ಸೆರಗು ಹೊದ್ದುಕೊಂಡು, ಮೊಳಕಾಲ್ಮೂರಿನ ಬಸ್ಸು ಬರುವ ಕಡೆ ತಿರುಗಿ ಕೂತಳು. ಎರಡನೆಯ ಸೊಲ್ಲು ಎತ್ತಲಿಲ್ಲ.