ಪೆಟ್ಟಿಗೆಯ ಮೇಲಿನ ಬಿಳಿ ಬಟ್ಟೆ

ಬೆಳಗಾವಿಯ ನಮ್ಮ ಸಭೆಗೆ ಒಂದು ಬಿಳಿ ಬಟ್ಟೆ ಇತ್ತು, ನಡುವೆ ಕೆಂಪು ನೂಲಿನ ಶಿಲುಬೆ. ಯಾರೇ ತೀರಿಕೊಳ್ಳಲಿ, ಅದನ್ನೇ ಪೆಟ್ಟಿಗೆಗೆ ಹೊದಿಸಿ ಒಯ್ಯಬೇಕು, ಮಣ್ಣಿಗಿಳಿಸುವ ಮುಂಚೆ ತೆಗೆದು ಮಡಚಬೇಕು. ನಮ್ಮ ಪಾಪ ಮುಚ್ಚುವ ನೀತಿ ನಾವು ಗಳಿಸಿದ್ದಲ್ಲ, ಕ್ರಿಸ್ತನು ಹೊದಿಸಿದ್ದು ಎಂಬುದಕ್ಕೆ ಅದು ಗುರುತು ಎಂದು ಚಿಕ್ಕಂದಿನಲ್ಲಿ ಭಾನುವಾರದ ಶಾಲೆಯಲ್ಲಿ ನಮಗೆ ಕಲಿಸಿದವರು ಸಭೆಯ ಹಿರಿಯರೊಬ್ಬರು. ಬಟ್ಟೆ ಇರುತ್ತಿದ್ದುದೂ ಟಿಳಕವಾಡಿಯ ಅವರ ಮನೆಯಲ್ಲೇ, ಟ್ರಂಕಿನಲ್ಲಿ, ಕೀಲಿ ಹಾಕಿ. ಕೃಪೆಗೂ ಕೀಲಿ ಬೇಕಲ್ಲ!

ನಮ್ಮ ಮನೆ ಇದ್ದುದು ಖಾನಾಪುರದಲ್ಲಿ. ನನ್ನ ಅಣ್ಣ ಅಲ್ಲಿಯ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ಉರಿಸುತ್ತಿದ್ದ. ಕುಡಿಯುತ್ತಿದ್ದ, ಅದನ್ನು ಮುಚ್ಚಿಡಲಿಲ್ಲ. ಕರ್ತನ ಭೋಜನದ ಭಾನುವಾರ, ರೊಟ್ಟಿ ದ್ರಾಕ್ಷಾರಸ ಹಂಚುವಾಗ, ಚರ್ಚಿನೊಳಗೆ ಬರದೆ, ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ತಲೆ ತಗ್ಗಿಸಿ ಕುಳಿತಿರುತ್ತಿದ್ದ. ಅವ್ವ ಕರೆದರೆ, "ನನ್ನಂಥವಗ ಇಲ್ಲೇ ಜಾಗಾ ಸಾಕಬೇ" ಎನ್ನುತ್ತಿದ್ದ. ಹಿರಿಯರು ಮುಂದಿನ ಬೆಂಚಿನಲ್ಲಿ. ತಮ್ಮ ಪಾಪಗಳನ್ನು ಅವರು ಎಂದೋ ಮುಗಿಸಿದ್ದರೆಂದು ಕಾಣುತ್ತದೆ, ಬೇರೆಯವರದನ್ನು ವಿಚಾರಿಸಲು ಬೇಕಾದಷ್ಟು ಬಿಡುವಿತ್ತು.

ಎಪ್ಪತ್ತರ ದಶಕದ ಕೊನೆಗೆ ಅಣ್ಣ ತೀರಿಕೊಂಡ. ಮಗನಿಗೆ ಆ ಬಟ್ಟೆ ಹೊದಿಸಬೇಕೆಂಬುದೊಂದೇ ಅವ್ವನ ಆಸೆ. ಬೆಳಗಿನ ಬಸ್ಸು ಹಿಡಿದು ನಾನು ಟಿಳಕವಾಡಿಗೆ ಹೋದೆ. ಹಿರಿಯರು ನಾಷ್ಟಾ ಮಾಡುತ್ತಿದ್ದರು.

"ಕುಡುಕನ ಪೆಟ್ಟಿಗಿಗೂ ಇದನ್ನ ಹಾಕಿದರ, ನಾಳೆ ಪಾಪಕ್ಕ ಯಾರು ಅಂಜತಾರವಾ?"

"ಪಾಪ ಮುಚ್ಚಾಕ ಅಲ್ಲೇನ್ರಿ ಅದು? ನೀವ ಹೇಳಿದ್ರಿ."

"ಅದು ಸಾಲ್ಯಾಗ ಹೇಳೂ ಮಾತು" ಎಂದು ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡಿಕೊಂಡರು.

ಬರಿಗೈಯಲ್ಲಿ ಮರಳಿದೆ. ಅವ್ವ ತನ್ನ ಮದುವೆಯ ಬಿಳಿ ಸೀರೆ ತೆಗೆದು ಅಣ್ಣನ ಪೆಟ್ಟಿಗೆಯ ಮೇಲೆ ಹರಡಿದಳು. ಇಳಿಸುವ ಮುಂಚೆ ತೆಗೆದು, ಮನೆಗೆ ತಂದು, ಒಗೆಯದೆ ಹಾಗೇ ಇಟ್ಟಳು.

ಕೆಲವು ವರ್ಷಗಳಾದ ಮೇಲೆ ಅವ್ವನೂ ಹೋದಳು. ಈ ಸಲ ಹಿರಿಯರೇ ಖಾನಾಪುರಕ್ಕೆ ಬಂದರು, ಇಸ್ತ್ರಿ ಮಾಡಿದ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು.

"ತಗೋವಾ, ಹೊದಿಸು. ನಿಮ್ಮವ್ವ ನೀತಿವಂತಳು."

"ಹಂಗಾರ ಆಕಿಗೆ ಬೇಕಾಗಿಲ್ರಿ" ಎಂದೆ. "ನಿಮಗ ಬೇಕಾದೀತು, ಜ್ವಾಕಿಯಿಂದ ಇಟಗೋರಿ."

ಅವರ ಮುಖ ಕೆಂಪಾಯಿತು. ಅತ್ತ ಪಾದ್ರಿಗಳು ಪ್ರಾರ್ಥನೆ ಆರಂಭಿಸಿದ್ದರಿಂದ ಕಣ್ಣು ಮುಚ್ಚಿಕೊಂಡರು. ಭಕ್ತಿಯಲ್ಲಿ ಅವರೆಂದೂ ಹಿಂದೆ ಬಿದ್ದವರಲ್ಲ.

ನಾನು ಒಳಗೆ ಹೋಗಿ ಸೀರೆ ತಂದೆ. ಅಣ್ಣನನ್ನು ಹೂಳಿದ ದಿನದ ಕೆಂಪು ಮಣ್ಣು ಅಂಚಿನಲ್ಲಿ ಇನ್ನೂ ಇತ್ತು. ಅದನ್ನು ಕೊಡವಲಿಲ್ಲ. ಹಾಗೇ ಅವ್ವನಿಗೆ ಹೊದಿಸಿದೆ.