ಪ್ಲಾಸ್ಟಿಕ್ ಹುಲ್ಲಿಗೆ ನೀರು

ನೀರಣ್ಣನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅವರ ಹೆಂಡತಿಯ, ಅಂದರೆ ನಮ್ಮ ಅತ್ತಿಗೆಯ, ಉತ್ತರ ಒಂದೇ. "ಪ್ಲಾಸ್ಟಿಕ್ ಹುಲ್ಲಿಗೆ ನೀರು ಹಾಕ್ತಾರೆ. ಅದು ಬೆಳೆಯೋದೂ ಇಲ್ಲ, ಬಾಡೋದೂ ಇಲ್ಲ. ಮನೆ ಹಿಂದೆ ನಿಜವಾದ ಗಿಡ ಒಣಗ್ತಾ ಇದೆ, ಅದನ್ನ ಕೇಳೋರಿಲ್ಲ."

ಅತ್ತಿಗೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹಾಕಿ ಮೈದಾನದ ನೀಲಿ ಪ್ಲಾಸ್ಟಿಕ್ ಹಾಸಿನ ಮೇಲೆ ಪಂದ್ಯಕ್ಕೆ ಮುಂಚೆ ನೀರು ಹಾಯಿಸಲೇಬೇಕು. ಒಣಗಿದ್ದರೆ ಚೆಂಡು ಎಲ್ಲೆಂದರಲ್ಲಿ ಪುಟಿಯುತ್ತದೆ, ಬಿದ್ದ ಆಟಗಾರರ ಮಂಡಿಯ ಚರ್ಮ ಹಾಸಿನ ಮೇಲೇ ಅಂಟಿಕೊಂಡು ಉಳಿಯುತ್ತದೆ. ಪಡುವಣ ಗ್ಯಾಲರಿಯ ಕೆಳಗೆ ಕತ್ತಲೆಯ ಪಂಪ್ ಮನೆ. ಅಲ್ಲಿ ಗೋಡೆಯಲ್ಲೊಂದು ಕಿಂಡಿ, ಕಿಂಡಿಯ ಪಕ್ಕ ಬಂಡಿಗಾಲಿಯಷ್ಟು ದೊಡ್ಡ ಕಬ್ಬಿಣದ ಚಕ್ರ. ಚಕ್ರ ತಿರುಗಿಸಿದರೆ ಮೈದಾನದ ಸುತ್ತಲ ಆರು ಕೊಳವೆಗಳು ಆಕಾಶಕ್ಕೆ ನೀರು ಚಿಮ್ಮುತ್ತವೆ. ಇಪ್ಪತ್ತಾರು ವರ್ಷ ಆ ಚಕ್ರ ತಿರುಗಿಸಿದವರು ನೀರಣ್ಣ.

ಚಕ್ರ ಯಾರು ಬೇಕಾದರೂ ತಿರುಗಿಸಬಹುದು. ಅವರ ನಿಜವಾದ ವಿದ್ಯೆ ಬೇರೆಯೇ ಇತ್ತು. ನೀರನ್ನು ಭಾಷಣ ಮುಗಿದ ಮೇಲೆ, ಪಂದ್ಯ ಶುರುವಾಗುವ ಮುಂಚೆ ಬಿಡಬೇಕು. ಮುಂಚೆಯೇ ಬಿಟ್ಟರೆ ಬಿಸಿಲಿಗೆ ಆರಿಹೋಗುತ್ತದೆ. ಆದ್ದರಿಂದ ಅತಿಥಿ ಎಷ್ಟು ಹೊತ್ತು ಮಾತಾಡುತ್ತಾನೆ ಎಂಬುದು ಗೊತ್ತಿರಬೇಕು. ನೀರಣ್ಣ ಕಿಂಡಿಯಿಂದ ಅತಿಥಿಯನ್ನು ನೋಡಿ ಹೇಳಿಬಿಡುತ್ತಿದ್ದರು. 'ಎರಡೇ ಮಾತು' ಎಂದವರಿಗೆ ಹನ್ನೆರಡು ನಿಮಿಷ. 'ಹೆಚ್ಚು ಮಾತಾಡೋದಿಲ್ಲ' ಎಂದವರಿಗೆ ಇಪ್ಪತ್ತು. 'ನನಗೆ ಹಾಕಿಯ ಬಗ್ಗೆ ಏನೂ ಗೊತ್ತಿಲ್ಲ' ಎಂದವರು ಬಂದಾಗ ಅವರು ಊಟದ ಡಬ್ಬಿ ಬಿಚ್ಚುತ್ತಿದ್ದರು. ನಾನು ಹಾಕಿ ಸಂಘದ ಗುಮಾಸ್ತ, ಕಾರ್ಯಕ್ರಮದ ಪಟ್ಟಿ ಬರೆಯುವವನು. ಪ್ರತಿಸಲವೂ ನಾನು ಬರೆಯುತ್ತಿದ್ದದ್ದು ಒಂದೇ: ಅತಿಥಿಗಳ ಮಾತು, ಎರಡು ನಿಮಿಷ. ಅದಕ್ಕಿಂತ ಹೆಚ್ಚು ಬರೆದರೆ ಅತಿಥಿಗಳಿಗೆ ಅವಮಾನವಾಗುತ್ತದೆ ಎಂದು ಕಾರ್ಯದರ್ಶಿಗಳು ಹೇಳಿದ್ದರು.

ಹೀಗಿರುವಾಗ ನಮ್ಮ ಮೈದಾನಕ್ಕೆ ಪುರುಷರ ಅಂತರರಾಷ್ಟ್ರೀಯ ಹಾಕಿ ಪಂದ್ಯಾವಳಿ ಬಂತು. ಎಂಟು ದೇಶಗಳು, ಹತ್ತು ದಿನ. ಜೊತೆಗೆ ಒಂದು ಯಂತ್ರವೂ ಬಂತು. ಬೂದುಬಣ್ಣದ ಪೆಟ್ಟಿಗೆ, ಅದಕ್ಕೊಂದು ಪರದೆ. ಹೊತ್ತು ತುಂಬಿಸಿಟ್ಟರೆ ಸಾಕು, ತಾನೇ ನೀರು ಬಿಡುತ್ತದೆ. ಕಾರ್ಯದರ್ಶಿಗಳು ಸಭೆಯಲ್ಲಿ ಸ್ಪಷ್ಟವಾಗಿ ಹೇಳಿದರು: ಪಂದ್ಯಾವಳಿ ಮುಗಿಯುವವರೆಗೆ ಯಂತ್ರ ಒಮ್ಮೆಯೂ ತಪ್ಪದಿದ್ದರೆ ಪಂಪ್ ಮನೆಯ ಹುದ್ದೆ ರದ್ದು. ನೀರಣ್ಣ ಒಳಾಂಗಣ ಕ್ರೀಡಾಂಗಣದ ಬಾಗಿಲಲ್ಲಿ ಟಿಕೆಟ್ ಹರಿಯುತ್ತ ಕೂರಬೇಕು. ನಿವೃತ್ತಿಗೆ ಇನ್ನೂ ಮೂರು ವರ್ಷ ಇತ್ತು.

ನೀರಣ್ಣ ಒಳ್ಳೆಯ ಮನಸ್ಸಿನಿಂದಲೇ ಯಂತ್ರದ ಜೊತೆ ಬಂದಿದ್ದ ಎಂಜಿನಿಯರ್ ಹತ್ತಿರ ಹೋದರು. "ಸರ್, ಭಾಷಣ ಉದ್ದ ಆದ್ರೆ ಏನ್ಮಾಡುತ್ತೆ ಇದು?"

"ಪಟ್ಟೀಲಿ ಎರಡು ನಿಮಿಷ ಅಂತ ಇದೆಯಲ್ಲ," ಎಂದ ಆ ಹುಡುಗುಮೋರೆಯ ಎಂಜಿನಿಯರ್.

ನೀರಣ್ಣ ನೇರ ನನ್ನ ಮೇಜಿನ ಬಳಿ ಬಂದು, ಕುರ್ಚಿ ಎಳೆದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಒಂಬತ್ತು ದಿನ ಯಂತ್ರ ಸೊಗಸಾಗಿ ಕೆಲಸ ಮಾಡಿತು. ಉದ್ಘಾಟನೆ ಬೇರೆ ಸಭಾಂಗಣದಲ್ಲಿ ಮುಗಿದಿತ್ತು, ಪಂದ್ಯಗಳಿಗೆ ಭಾಷಣ ಇರಲಿಲ್ಲ. ಆದರೂ ನೀರಣ್ಣನ ಮುಖ ಬಾಡಲಿಲ್ಲ. ಫೈನಲ್ಲಿಗೆ ಮುಖ್ಯ ಅತಿಥಿ ಬರುವುದಿತ್ತು. "ಗುಮಾಸ್ತ್ರೇ, ಭಾನುವಾರಕ್ಕೆ ಎರಡು ಪಾಸ್ ಕೊಡಿ. ಇಷ್ಟು ವರ್ಷದಲ್ಲಿ ಗ್ಯಾಲರೀಲಿ ಕೂತು ಒಂದು ಪಂದ್ಯ ನೋಡಿಲ್ಲ. ನಿಮ್ಮತ್ತಿಗೇನೂ ಕರ್ಕೊಂಡು ಬರ್ತೀನಿ," ಎಂದರು. ಅವರು ಪಂದ್ಯ ನೋಡಲು ಬರುತ್ತಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಡುವಣ ಗ್ಯಾಲರಿಯಲ್ಲಿ ನನ್ನ ಪಕ್ಕ ಕೂತರು. ಅವರ ಆಚೆ ಅತ್ತಿಗೆ. ಎಂಜಿನಿಯರ್ ಪೆಟ್ಟಿಗೆಗೆ ಬೀಗ ಹಾಕಿ, ಎದುರು ಗ್ಯಾಲರಿಯ ಗಾಜಿನ ಕೋಣೆಯಲ್ಲಿ ಕಾರ್ಯದರ್ಶಿಗಳ ಜೊತೆ ತಂಪಾಗಿದ್ದ. ನಾಲ್ಕಕ್ಕೆ ಪಂದ್ಯ. ಮೂರು ನಲವತ್ತೈದಕ್ಕೆ ನೀರು. ಎರಡೂ ತಂಡಗಳು ಮೈದಾನದ ನಡುವೆ ಸಾಲಾಗಿ ನಿಂತವು. ಮೂರು ನಲವತ್ತಕ್ಕೆ ಮುಖ್ಯ ಅತಿಥಿಗಳು ಅವರ ಮುಂದೆ ನಿಂತು, ಮೈಕ್ ಹಿಡಿದು, "ನಾನು ಹೆಚ್ಚು ಮಾತಾಡೋದಿಲ್ಲ," ಎಂದರು.

ನೀರಣ್ಣ ನನ್ನ ತೊಡೆ ಚಿವುಟಿದರು. ಅವರಿಗೆ ಹಾಲು ಕುಡಿದಷ್ಟು ಸಂತೋಷ. ಒಂದು ನಿಮಿಷ ಹೋಯಿತು, ಎರಡು ಹೋಯಿತು. ಅತಿಥಿಗಳು ತಮ್ಮ ಬಾಲ್ಯಕ್ಕೆ ಬಂದರು. ನನಗೂ, ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಖುಷಿ.

ಆಗ ಮೈಕ್ ಕೈಕೊಟ್ಟಿತು. ಮೈಕಿನವನು ಓಡಿ ಬಂದು ವೈರಿನ ಮೈಕೊಂದನ್ನು ಕೊಟ್ಟ. ಕರೆಂಟಿನ ಪೆಟ್ಟಿಗೆಯನ್ನು ನೀಲಿ ಹಾಸಿನ ಮೇಲೇ ಇಟ್ಟ. ವೈರು ಆಟಗಾರರ ಕಾಲ ನಡುವೆ ಹಾದುಹೋಗಿತ್ತು. ಅತಿಥಿಗಳು ಬಾಲ್ಯವನ್ನು ಮೊದಲಿಂದ ಶುರುಮಾಡಿದರು.

ನೀರಣ್ಣನ ನಗು ನಿಂತಿತು. ಗಡಿಯಾರ ನೋಡಿದರು, ವೈರು ನೋಡಿದರು. ಗಾಜಿನ ಕೋಣೆಯತ್ತ ಎರಡೂ ಕೈ ಬೀಸಿದರು. ಎಂಜಿನಿಯರ್ ಅಲ್ಲಿಂದ ನಗುತ್ತ ತಾನೂ ಕೈ ಬೀಸಿದ.

"ಎಲ್ಲಿಗೆ? ಕೂತ್ಕೊಳ್ಳಿ," ಎಂದು ಅತ್ತಿಗೆ ಅಂಗಿ ಹಿಡಿದು ಎಳೆದರು.

"ಯಾರಾದ್ರೂ ಸಾಯ್ತಾರೆ ಕಣೇ," ಎಂದು ಬಿಡಿಸಿಕೊಂಡು, ಕಂಡವರ ಕಾಲು ತುಳಿಯುತ್ತ ಮೆಟ್ಟಿಲಿಳಿದು ಓಡಿದರು.

ಮೂರು ನಲವತ್ತೈದಾಯಿತು. ನಮ್ಮ ಕಾಲಡಿಯಲ್ಲಿ ಪಂಪ್ ಗುಡುಗಿತು. ನಾನು ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ಒಂದು ಹನಿ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಪಂಪಿನ ಸದ್ದೂ ನಿಂತಿತು. ಅತಿಥಿಗಳು ಇಪ್ಪತ್ತು ನಿಮಿಷ ಮುಗಿಸಿ, ಚಪ್ಪಾಳೆಗೆ ಕಾದು, ಮೈದಾನದಿಂದ ಹೊರಟರು. ಮೈಕು, ವೈರು, ಪೆಟ್ಟಿಗೆ ಎಲ್ಲ ಹೊರಗೆ ಹೋದಮೇಲೆ ಪಂಪ್ ಮತ್ತೆ ಗುಡುಗಿ ಆರು ಕೊಳವೆಗಳೂ ಒಟ್ಟಿಗೆ ಚಿಮ್ಮಿದವು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದರು ಅತ್ತಿಗೆ. ನೀರಣ್ಣ ತೊಟ್ಟಿ ತುಂಬಿಸುತ್ತ ಕೆಳಗೇ ಉಳಿದರು.

ಮರುದಿನ ಕಾರ್ಯದರ್ಶಿಗಳ ಕೋಣೆಯಲ್ಲಿ ವರದಿ ತಯಾರಾಯಿತು. ನಾನು ಟೈಪ್ ಮಾಡಲು ಕೂತಿದ್ದೆ. "ಅಷ್ಟು ಉದ್ದದ ಭಾಷಣ ಇದ್ರೂ ನಿಮ್ಮ ಯಂತ್ರ ಹೇಗ್ರೀ ಕಾಯ್ತು?" ಎಂದು ಕಾರ್ಯದರ್ಶಿಗಳು ಕೇಳಿದರು.

ಎಂಜಿನಿಯರ್ ಒಂದು ಕ್ಷಣ ಫ್ಯಾನಿನ ಕಡೆ ನೋಡಿದ. ಪಂಪ್ ಮನೆಯ ಚಕ್ರವನ್ನು ನೀರಣ್ಣ ಬಿಗಿಯಾಗಿ ಮುಚ್ಚಿ ತೆರೆದ ಗುರುತನ್ನು ಅವನು ಬೆಳಿಗ್ಗೆಯೇ ನೋಡಿದ್ದ ಎಂಬುದು ಅವನ ಕಿವಿಯ ಬಣ್ಣದಲ್ಲೇ ಗೊತ್ತಾಗುತ್ತಿತ್ತು. "ಮೈದಾನದಲ್ಲಿ ಜನ ಇದ್ರೆ ಅದಕ್ಕೆ ತಿಳಿಯುತ್ತೆ, ಸರ್," ಎಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು. "ನೀವು ಅಲ್ಲೇ ಇದ್ರಲ್ಲ, ಸರಿಯಾಗಿ ಕೆಲಸ ಮಾಡ್ತು ತಾನೇ?"

ಬಾಯಿ ತೆರೆದೆ. ಈ ಯಂತ್ರ ತರಿಸಿದವರು ಕಾರ್ಯದರ್ಶಿಗಳು, ನನ್ನ ಬಡ್ತಿಯ ಕಾಗದ ಇದ್ದದ್ದೂ ಅವರ ಮೇಜಿನ ಮೇಲೆ. "ಹೌದು ಸರ್," ಎಂದೆ. 'ಯಂತ್ರವು ಸಮಯೋಚಿತವಾಗಿ ವರ್ತಿಸಿತು' ಎಂದು ಟೈಪ್ ಮಾಡಿದೆ. ಅದರ ಬೆನ್ನಿಗೇ ಇನ್ನೊಂದು ಕಾಗದದಲ್ಲಿ ನೀರಣ್ಣನ ವರ್ಗಾವಣೆಯ ಆದೇಶವನ್ನೂ ಟೈಪ್ ಮಾಡಿದೆ. ನನಗೆ ನಾಚಿಕೆಯಾಯಿತು, ಆದರೆ ಬೆರಳು ನಿಲ್ಲಲಿಲ್ಲ.

ಸಂಜೆ ಆದೇಶ ತೆಗೆದುಕೊಳ್ಳಲು ನೀರಣ್ಣ ಬಂದರು. ಎರಡೂ ಕಾಗದ ಓದಿದರು. ಏನಾದರೂ ಹೇಳಬೇಕಲ್ಲ ಎಂದು ನಾನೇ ಶುರುಮಾಡಿದೆ. "ನೀವು ಸುಮ್ನೆ ಕೂತಿದ್ರೆ ಕೆಲಸ ಉಳೀತಿತ್ತು, ಅಣ್ಣ."

"ಹೌದು, ಉಳೀತಿತ್ತು," ಎಂದರು. ಯಂತ್ರದ ವರದಿಯನ್ನು ನನ್ನ ಕಡೆ ತಳ್ಳಿದರು. "ನೀವು ಸುಮ್ನೆ ಕೂರದೇ ಇದ್ದಿದ್ರೂ ಉಳೀತಿತ್ತು."

ಸಿಟ್ಟಿನಿಂದ ಹೇಳಲಿಲ್ಲ. ಪೆನ್ನು ಕೇಳಿದರು. ಸಹಿ ಎಲ್ಲಿ ಹಾಕಬೇಕೆಂದು ನಾನು ಬೆರಳಿಟ್ಟು ತೋರಿಸಿದೆ.