ಸಿಸ್ಟರಮ್ಮ ಪಾಸಾಗಲಿ

ಬೀಗದ ತಾತನಿಗೆ ಬಗ್ಗದ ಬೀಗ ಆ ಬೀದಿಯಲ್ಲಿರಲಿಲ್ಲ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು, ಅರ ಹಿಡಿದು ಕೀಗಳಿಗೆ ಹಲ್ಲು ಉಜ್ಜುತ್ತಲೇ ಆಯುಷ್ಯ ಸವೆಸಿದವನು. ಮನೆ ಕೀ ಕಳೆದುಕೊಂಡು ಅಳುಮೋರೆ ಹೊತ್ತು ಬಂದವರಿಗೆ ಮೊದಲು ಕೂರಲು ಸ್ಟೂಲು, ಆಮೇಲೆ ದುರುಗುಟ್ಟಿದ ಒಂದು ನೋಟ, ಕಡೆಗೆ ಕೀ. ಹೆಂಡತಿಯದು ಬಾಯಿ ಜೋರು. "ಊರ ಬಾಗಿಲೆಲ್ಲಾ ತೆಗೀತಾರೆ, ತಮ್ಮ ಬಾಯಿ ಒಂದು ತೆಗೆಯಲ್ಲ" ಎಂದು ಬಂದವರೆದುರೇ ಆಡಿಕೊಳ್ಳುತ್ತಿದ್ದಳು. ಆ ತಮಾಷೆಯ ಬಾಯೇ ಒಂದು ದಿನ ತನಗೆ ಉರುಳಾಗುತ್ತದೆಂದು ಪಾಪ, ಅಜ್ಜಿಗೇನು ಗೊತ್ತಿತ್ತು!

ವಯಸ್ಸಾದಂತೆ ತಾತನಿಗೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ಸಾಲದ್ದಕ್ಕೆ ಬಲವಿಲ್ಲದ ಹೃದಯ, ಎಲ್ಲವೂ ಕರೆಯದ ನೆಂಟರಂತೆ ಬಂದು ಠಿಕಾಣಿ ಹೂಡಿದವು. ಸಕ್ಕರೆ ಡಾಕ್ಟರು ಮಂಡಿಯ ಮಾತು ಎತ್ತಗೊಡುತ್ತಿರಲಿಲ್ಲ, ಮಂಡಿ ಡಾಕ್ಟರಿಗೆ ಹೃದಯದ ಗೊಡವೆಯೇ ಬೇಡ. ಒಬ್ಬೊಬ್ಬರ ಬಾಗಿಲಲ್ಲಿ ಒಂದೊಂದು ಬೆಳಗು ಕಾದು, ಒಬ್ಬೊಬ್ಬರು ಬರೆದ ಮಾತ್ರೆ ನುಂಗಿ, ಮೂಗಿಗಿಂತ ಮೂಗುತಿ ಭಾರವಾಯಿತು. ಕಡೆಗೆ ಕೈ ನಡುಗಿ, ಹಿಡಿದ ಅರವೇ ಜಾರತೊಡಗಿತು.

ಆ ವರ್ಷ ಬೀದಿ ಕೊನೆಯ ಸಣ್ಣ ಕ್ಲಿನಿಕ್ಕಿನಲ್ಲಿ ಹೊಸ ಪದ್ಧತಿಯೊಂದನ್ನು ಪರೀಕ್ಷೆಗೆ ಹಚ್ಚಿದರು. ಹಲವು ಕಾಯಿಲೆ ಇದ್ದವರನ್ನು ಒಬ್ಬಳೇ ನರ್ಸ್ ಎದುರು ಕೂರಿಸಿಕೊಂಡು ಎಲ್ಲವನ್ನೂ ಒಟ್ಟಿಗೆ ಕೇಳಿ ತಿಳಿಯುವುದು, ಡಾಕ್ಟರ ಹತ್ತಿರ ಮಾತಾಡಿ ಮಾತ್ರೆ ಹೊಂದಿಸುವುದು. ತಾತ ಅವಳನ್ನು ಸಿಸ್ಟರಮ್ಮ ಅನ್ನುತ್ತಿದ್ದ. ಮೊದಲ ದಿನವೇ ಅವಳು, "ತಾತ, ಇಷ್ಟರಲ್ಲಿ ನಿಮಗೆ ತುಂಬಾ ಕಾಟ ಕೊಡ್ತಿರೋದು ಯಾವುದು?" ಎಂದಳು. ಈವರೆಗೆ ಯಾವ ಡಾಕ್ಟರೂ ಹಾಗೆ ಕೇಳಿರಲಿಲ್ಲ. ತಾತ ನಡುಗುತ್ತಿದ್ದ ಕೈ ಚಾಚಿದ. ಸಕ್ಕರೆ ಮಾತ್ರೆ ಹೆಚ್ಚಾಗಿಯೇ ಆ ನಡುಕವೆಂದು ತಿಳಿದು ಅವಳು ಅದನ್ನು ಕಡಿಮೆ ಮಾಡಿಸಿದಳು. ಸ್ವಲ್ಪ ದಿನಕ್ಕೆ ತಾತ ಮತ್ತೆ ಕೀ ಉಜ್ಜಿದ. ಅವತ್ತು ಅಂಗಡಿಯಲ್ಲಿ ಗಂಡ ಅತ್ತದ್ದನ್ನು ಅಜ್ಜಿ ನೋಡಿಯೂ ನೋಡದಂತೆ ಇದ್ದಳು.

"ಈ ಪದ್ಧತಿ ಹೀಗೇ ಇರುತ್ತಲ್ವಾ ಸಿಸ್ಟರಮ್ಮ?" ಎಂದು ತಾತ ಒಮ್ಮೆ ಕೇಳಿದ.

"ಹೇಳೋಕಾಗಲ್ಲ ತಾತ. ಬೇರೆ ಕ್ಲಿನಿಕ್ಕುಗಳಲ್ಲಿ ಹಳೇ ಥರಾನೇ ನೋಡ್ತಿದ್ದಾರೆ. ವರ್ಷದ ಕೊನೇಲಿ ಯಾರು ಹೆಚ್ಚು ಆರಾಮಾಗಿದ್ದಾರೆ ಅಂತ ಹೋಲಿಸ್ತಾರೆ. ವ್ಯತ್ಯಾಸ ಕಾಣದಿದ್ರೆ ನಿಲ್ಲಿಸಿಬಿಡ್ತಾರೆ."

ತಾತ ಮನೆಗೆ ಬಂದವನೇ, "ನೋಡೇ, ಆ ಹುಡುಗಿಗೆ ಪರೀಕ್ಷೆಯಂತೆ. ನಮ್ಮಿಂದ ಅವಳು ಫೇಲಾಗಬಾರದು" ಎಂದ. ಅಂದಿನಿಂದ ಯಾರು ಏನು ಕೇಳಿದರೂ ಒಂದೇ ಉತ್ತರ: ಆರಾಮಾಗಿದ್ದೀನಿ.

ಆಮೇಲೆ ಕಾಲು ಊದಿತು. ಅಜ್ಜಿ ಬೆರಳೊತ್ತಿದರೆ ಬಿದ್ದ ಗುಳಿ ಹಾಗೇ ನಿಲ್ಲುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ತಾತ ಗೋಡೆಗೆ ದಿಂಬು ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದ.

"ರೀ, ನಾನೇ ಹೋಗಿ ಹೇಳಿಬಿಡ್ತೀನಿ."

"ನನ್ನಾಣೆ ಇದೆ. ಪರೀಕ್ಷೆ ಮುಗೀಲಿ, ನಾನೇ ಹೇಳ್ತೀನಿ."

ಮುಂದಿನ ಭೇಟಿಗೆ ಅಜ್ಜಿಯೂ ಜೊತೆಗೆ ಹೋದಳು. ತೂಕ ಏರಿರುವುದನ್ನು ಕಂಡು ಸಿಸ್ಟರಮ್ಮ ಹುಬ್ಬು ಗಂಟಿಕ್ಕಿದಳು. "ಇವಳ ಕೈಯಡುಗೆ, ಮೈಗೆ ಹತ್ತಿದೆ" ಎಂದು ತಾತ ನಕ್ಕ. ಊತ ಕಾಣದಿರಲೆಂದು ಬೂಟು ಹಾಕಿ ಬಂದಿದ್ದ; ಬಿಚ್ಚಿ ಎಂದರೆ ಲೇಸು ಗಂಟುಬಿದ್ದಿದೆ ಎಂದ. ಬೀಗ ತೆಗೆಯುವವನಿಗೆ ಲೇಸಿನ ಗಂಟು ಬಿಚ್ಚಲಾಗದೇ? ಸಿಸ್ಟರಮ್ಮ ಅಜ್ಜಿಯ ಕಡೆ ತಿರುಗಿದಳು.

"ಅಜ್ಜಿ, ನೀವು ನಿಜ ಹೇಳಿ. ಮಲಗಿದಾಗ ಉಸಿರಾಟ ಸರಿಯಾಗಿದೆಯಾ ಇವರಿಗೆ?"

ಅಜ್ಜಿ ಗಂಡನ ಮುಖ ನೋಡಿದಳು. ಇಡೀ ಸಂಸಾರದಲ್ಲಿ ಅವನು ಅವಳನ್ನು ಏನೂ ಬೇಡಿದವನಲ್ಲ. ಈಗ ಕಣ್ಣಲ್ಲೇ ಬೇಡುತ್ತಿದ್ದ.

"ಉಸಿರಾ? ಇವರ ಗೊರಕೆಗೆ ಪಕ್ಕದವರು ಮನೆ ಖಾಲಿ ಮಾಡೋ ಹಾಗಿದ್ದಾರೆ!" ಎಂದಳು. ಸಿಸ್ಟರಮ್ಮನೂ ನಕ್ಕುಬಿಟ್ಟಳು. ದಾರಿಯುದ್ದಕ್ಕೂ ತಾತ ಹೆಂಡತಿಯ ಕೈ ಬಿಡಲಿಲ್ಲ.

ಅದೇ ವಾರ, ಒಂದು ಬೆಳಗ್ಗೆ, ಅರ್ಧ ಉಜ್ಜಿದ ಕೀ, ಅದನ್ನು ಕಚ್ಚಿಹಿಡಿಯುವ ವೈಸಿನಲ್ಲಿ ಹಾಗೇ ಇರಲು ತಾತ ಅದರ ಮೇಲೇ ತಲೆಯಿಟ್ಟು ಹೋಗಿಬಿಟ್ಟ. ಕೀಗೆಂದು ಸ್ಟೂಲಿನಲ್ಲಿ ಕೂತಿದ್ದವನು ತಾತ ತೂಕಡಿಸುತ್ತಿದ್ದಾನೆಂದು ಸುಮಾರು ಹೊತ್ತು ಸುಮ್ಮನೆ ಕಾದನಂತೆ.

ಸುದ್ದಿ ತಿಳಿದು ಸಿಸ್ಟರಮ್ಮ ಮನೆಗೆ ಬಂದಳು. ಅಜ್ಜಿ ಎಲ್ಲವನ್ನೂ ಹೇಳಿದಳು: ಊದಿದ ಕಾಲು, ಗೋಡೆಯ ದಿಂಬು, ಆಣೆ, ಗೊರಕೆಯ ಸುಳ್ಳು. ಕೇಳುತ್ತಾ ಆ ಹುಡುಗಿಯ ಮುಖ ಬಿಳಿಚಿಕೊಂಡಿತು.

"ಪರೀಕ್ಷೆ ನನಗಲ್ಲ ಅಜ್ಜಿ, ಆ ಪದ್ಧತಿಗೆ. ಕಾಲು ಊದಿದೆ ಅಂತ ಒಂದು ಮಾತು ಅಂದಿದ್ರೆ ಅವತ್ತೇ ನೀರಿಳಿಸೋ ಮಾತ್ರೆ ಕೊಡಿಸ್ತಿದ್ದೆ, ದೊಡ್ಡ ಆಸ್ಪತ್ರೆಗೆ ಕಳಿಸ್ತಿದ್ದೆ. ಅದನ್ನ ಕೇಳೋಕೇ ತಾನೇ ನಾನು ಅಲ್ಲಿ ಕೂತಿದ್ದಿದ್ದು?"

ಅಜ್ಜಿಯ ಎದೆ ಒಡೆಯಿತು. ಬಾಯಿ ಜೋರೆಂದು ಹೆಸರಾದವಳು ಒಂದೇ ಒಂದು ಸಲ ಬಾಯಿ ಕಟ್ಟಿಕೊಂಡಿದ್ದಳು, ಅದೂ ಗಂಡನ ಮೇಲಿನ ಪ್ರೀತಿಗೆ. ದಿಂಬು ಇನ್ನೂ ಗೋಡೆಗೆ ಒರಗಿಯೇ ಇತ್ತು. ಅದರ ನಡುವೆ ತಾತನ ಬೆನ್ನು ಒತ್ತಿದ ತಗ್ಗು.

ಸಿಸ್ಟರಮ್ಮ ಕಣ್ಣೊರೆಸಿಕೊಂಡು ಅಜ್ಜಿಯ ಕೈ ಹಿಡಿದಳು. "ನೀವು ಹೇಗಿದ್ದೀರಿ ಅಜ್ಜಿ?"

ಆರಾಮಾಗಿದ್ದೀನಿ ಎಂಬ ಮಾತು ನಾಲಿಗೆ ತುದಿಗೆ ಬಂತು. ಅಜ್ಜಿ ಅದನ್ನು ನುಂಗಿಕೊಂಡಳು.

"ಆರಾಮಾಗಿಲ್ಲಮ್ಮ," ಎಂದಳು. "ನೀನು ಫೇಲಾದ್ರೂ ಸರಿ. ಆರಾಮಾಗಿಲ್ಲ."